ಮಗ್ಗ ನಿಂತ ಜಾಗ

ಅಮ್ಮಾ,

ಈಗ ದೀಪ ಹಚ್ಚುವ ಹೊತ್ತು. ಬೆಳಿಗ್ಗೆ ಹಾಲು ಕರೆದೆ, ಮಧ್ಯಾಹ್ನ ನಿನ್ನ ಮನೆಗೆ ಹೋಗಿಬಂದೆ. ನೀನು ಹೋದಾಗಿನಿಂದ ಸಂಜೆ ಏನಾದರೂ ಬರೆದಿಡುತ್ತೇನೆ. ಇವತ್ತಿನದನ್ನು ನಿನಗೇ ಬರೆಯಬೇಕು ಅನ್ನಿಸಿತು.

ಅಣ್ಣ ಬಡಗಿಯನ್ನು ಕರೆಸಿದ್ದ, ನಿನ್ನ ಮಗ್ಗ ಕೀಳಿಸಲು.

ನೀನು ದಿಂಬಿಗೊರಗಿ ಎಲ್ಲರಿಗೂ ಪಾಲು ಹಂಚಿದೆಯಲ್ಲ, ಆ ದಿನ ಕಣ್ಣಿಗೆ ಕಟ್ಟಿದೆ. ಮನೆ, ಹೊಲ ಅಣ್ಣನಿಗೆ. ತಾಮ್ರದ ಹಂಡೆ ನನಗೆ. ಹಿಟ್ಟಿನ ಜರಡಿ ಅತ್ತಿಗೆಗೆ. "ಇನ್ನಾದ್ರೂ ನನ್ನ ಮಗನ ಹಲ್ಲಿಗೆ ಕಲ್ಲು ಸಿಗದೆ ಇರ್ಲಿ" ಎಂದೆ. ಅತ್ತಿಗೆಯೂ ನಕ್ಕರು. ಅವರಿಬ್ಬರೂ ದನ ಕಟ್ಟಲು ಹೋದ ಮೇಲೆ, ತೀರಿಹೋದ ತಮ್ಮನ ಹೆಂಡತಿಯ ಪಾಲು ಹೇಳಿದೆ. "ಮಗ್ಗ ಕಿರಿ ಸೊಸೆಗೆ. ಈಗ ನಿಂತಿರೋ ಕೋಣೇಲೇ. ಅವಳು ನೇಯೋವರ್ಗೂ ಯಾರೂ ಅಲುಗಿಸ್ಬಾರ್ದು." ಆಗ ಅಲ್ಲಿದ್ದವರು ನಾನು ಮತ್ತು ಉಯಿಲು ಬರೆಯಲು ಬಂದ ಬರಹಗಾರ, ಇಬ್ಬರೇ.

ಆತ 'ಮಗ್ಗ ಕಿರಿ ಸೊಸೆಗೆ' ಎಂದಷ್ಟೇ ಬರೆದ. ಅವನ ಕಣ್ಣಿಗೆ ಮಗ್ಗವೂ ಒಂದು, ಎತ್ತಿಡುವ ಮಣೆಯೂ ಒಂದು. ಅದರ ಕಂಬಗಳು ನೆಲದೊಳಗೆ ಹೂತಿವೆ, ಕಾಲಿಳಿಬಿಡಲು ಗುಂಡಿ ತೋಡಿದೆ, ಕಿತ್ತರೆ ಅದು ಬರಿಯ ಸೌದೆ ಎಂದು ಅವನಿಗೇನು ಗೊತ್ತು? ಓದಿ ಹೇಳುವಾಗ ನೀನು ಕೆಮ್ಮುತ್ತಿದ್ದೆ, ನಾನು ಬಿಸಿನೀರಿಗೆ ಒಲೆಯ ಮುಂದಿದ್ದೆ. ನೀನು ಸಹಿಯ ಜಾಗದಲ್ಲಿ ಗೀಟೆಳೆದು ಮಲಗಿಬಿಟ್ಟೆ.

"ಮಗ್ಗ ನಿಂದೇ ಕಣಮ್ಮ, ಇಲ್ಲ ಅಂದೋರ್ಯಾರು? ತಗೊಂಡ್ಹೋಗು. ಕೋಣೆ ನಂದು" ಎಂದ ಅಣ್ಣ ಇವತ್ತು, ಕಿರಿ ಸೊಸೆಗೆ.

ನಿನ್ನ ಕಿರಿ ಸೊಸೆ ಮಗ್ಗದಿಂದ ಏಳಲೇ ಇಲ್ಲ. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. "ಬೆನ್ನ ಮೇಲೆ ಮಗ್ಗ ಹೊತ್ಕೊಂಡು ನೇಯೋದು ಹೇಗೆ ಅಂತ ತೋರ್ಸಿಕೊಡಿ ಭಾವ, ಈಗ್ಲೇ ಹೊರಡ್ತೀನಿ" ಎಂದಳು. ಅವಳ ಮಗಳು ಗುಂಡಿಯಲ್ಲಿ ತಾಯಿಯ ಕಾಲು ತಬ್ಬಿಕೊಂಡು ಕೂತಿದ್ದಳು. ಆ ಕೋಣೆ ಬಿಟ್ಟರೆ ಇಬ್ಬರಿಗೂ ಬೇರೆ ಸೂರಿಲ್ಲ.

ಬಡಗಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. "ನೂಲು ಬಿಗಿದಿರೋ ಮಗ್ಗಕ್ಕೆ ನಾನು ಕೈ ಹಾಕಲ್ಲಪ್ಪ. ಮೊದ್ಲು ನಿಮ್ಮನಿಮ್ಮಲ್ಲಿ ಬಗೆಹರಿಸ್ಕೊಳ್ಳಿ."

ಅಣ್ಣ ಕೆಟ್ಟವನಲ್ಲ ಅಂತ ನಿನಗೆ ನಾನು ಹೇಳಬೇಕೆ? ದೊಡ್ಡ ಮಗನ ಮದುವೆ ಹತ್ತಿರವಾಗಿದೆ, ಅವನಿಗೆ ಕೋಣೆ ಬೇಕೇ ಬೇಕು. ಕಿರಿ ಸೊಸೆ ಕೊಟ್ಟ ದೂರು ನಾಳೆ ನ್ಯಾಯಾಧಿಕಾರಿಯ ಮುಂದೆ ಬರುತ್ತದೆ, ಸಾಕ್ಷಿ ಹೇಳಬೇಕಾದವಳು ನಾನು. ನನ್ನನ್ನು ಬೇಲಿಯವರೆಗೆ ಬಿಡಲು ಬಂದ ಅಣ್ಣ ನನ್ನ ಮುಖ ನೋಡದೆ ಮಾತಾಡಿದ. "ಸುಳ್ಳು ಹೇಳು ಅಂದ್ನಾ ನಾನು? ಕೇಳಿಸ್ಲಿಲ್ಲ ಅನ್ನು, ಸಾಕು. ಹೇಳಿದ್ಯೋ, ನಿನಗೆ ಅಣ್ಣ ಇದ್ದ ಅನ್ನೋದನ್ನ ಮರ್ತುಬಿಡು."

ಜ್ವರ ಬಂದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದವನು ಇವನೇ. ನನ್ನ ಜೊತೆ ಹುಟ್ಟಿದವರಲ್ಲಿ ಉಳಿದವನು ಇವನೊಬ್ಬನೇ. ನಿನ್ನ ಬಗ್ಗೆ ಮಾತಾಡಲು ಇನ್ನು ಯಾರಿದ್ದಾರೆ ನನಗೆ? ಬರಹಗಾರ ಆಗಲೇ ನೆನಪಿಲ್ಲ ಎಂದು ಜಾರಿಕೊಂಡಿದ್ದಾನೆ. ನಾನೂ ಸುಮ್ಮನಾದರೆ ನಿನ್ನ ಮಾತು ಯಾರೂ ಆಡದ ಮಾತಾಗುತ್ತದೆ.

ಹೇಳುತ್ತೇನಮ್ಮ. ನೀನು ಅಂದದ್ದನ್ನು ಅಂದ ಹಾಗೆಯೇ ಹೇಳುತ್ತೇನೆ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ.

ನೀನು ಮಲಗಿರುವ ಮಣ್ಣು ತಂಪಾಗಿರಲಿ. ಅಣ್ಣನನ್ನೂ ಹರಸು.

ನಿನ್ನ ಮಗಳು

ನಾಳೆ ಬೆಳಿಗ್ಗೆ ನ್ಯಾಯಾಧಿಕಾರಿ ಮೊದಲು ನನ್ನನ್ನೇ ಕರೆಯುತ್ತಾರೆ. ಅಣ್ಣ ಎದುರಿಗೇ ಕೂತಿರುತ್ತಾನೆ.