ಇವತ್ತು ಮೇಡಂ ಅಂದರು

ಏಪ್ರಿಲ್ 9, ವಾಗಾಡುಗು

ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿದೆ. ನಿದ್ದೆ ಹತ್ತುತ್ತಿಲ್ಲ.

ಹೊಸ ಕಚೇರಿಗೆ ನಾನು ಬರೆದ ನಕ್ಷೆ ಇವತ್ತು ಬಿದ್ದುಹೋಯಿತು. ದಪ್ಪನೆಯ ಕೆಂಪುಕಲ್ಲಿನ ಗೋಡೆ, ಸುತ್ತಲೂ ನೆರಳಿನ ಜಗಲಿ, ಬಿಸಿಗಾಳಿ ಮೇಲೇರಿ ಹೋಗಲು ಸೂರಿನಲ್ಲಿ ಕಿಂಡಿ, ಹಗಲಿಡೀ ದೀಪ ಬೇಡದಷ್ಟು ಬೆಳಕು. ಎಲ್ಲವೂ ಬೇಡವಂತೆ. ನಿರ್ದೇಶಕ ನಿಕಿಯೆಮಾ ಅವರಿಗೆ ಮುಂಭಾಗವೆಲ್ಲ ಗಾಜು ಬೇಕು, ಕೋಣೆಗೊಂದು ಏಸಿ ಬೇಕು. "ಬಂದೋರು ಕೋಟು ಹಾಕ್ಕೊಂಡು ಕೂರ್ಬೇಕು, ಆಗ್ಲೇ ಅದು ಆಫೀಸು" ಅಂದರು.

ಅದು ಹೋಗಲಿ. ಗೋಡೆಗಾಗಿ ಜಗಳವಾಡಬಹುದು. ಚುಚ್ಚುತ್ತಿರುವುದು ಬೇರೆ.

ಅವರು ಮೊಸ್ಸಿ, ನಾನು ಸಾಮೋ. ನಮ್ಮ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು ಜೀತದವರೆಂದು ಕಾಲೆಳೆಯದೆ ಮಾತೇ ಶುರುವಾಗುವುದಿಲ್ಲ; ಅದು ಹಿಂದಿನಿಂದ ಬಂದ ರೂಢಿ. ಯಾರೂ ಸಿಟ್ಟಾಗುವಂತೆಯೂ ಇಲ್ಲ. ಮೊದಲ ದಿನದಿಂದಲೂ ನನ್ನನ್ನು ಕಂಡೊಡನೆ, "ಬಂದ್ಲಪ್ಪ ನಮ್ಮನೆ ಜೀತದೋಳು! ಅಂಗಳ ಗುಡಿಸಿದ್ಯೇನೇ?" ಎನ್ನುತ್ತಿದ್ದರು. "ಮೊದ್ಲು ನೀವು ನಮ್ಮ ಕತ್ತೆ ಮೈ ತೊಳೀರಿ" ಎನ್ನುತ್ತಿದ್ದೆ. ಈ ಊರಿನಲ್ಲಿ ನನ್ನನ್ನು ಮನೆಯವಳಂತೆ ಬೈಯುವವರು ಅವರೊಬ್ಬರೇ.

ಇವತ್ತು "ಕೂತ್ಕೊಳ್ಳಿ ಮೇಡಂ" ಅಂದರು.

ಎದ್ದು ಹೊರಡುವಾಗ ನಾನೇ ಕೆಣಕಿದೆ: "ಗಾಜಿನ ಡಬ್ಬೀಲಿ ನಮ್ಮ ಜೀತದವನು ಬೆಂದು ಹೋಗ್ತಾನಲ್ಲ!" ಅವರು ನಗಲಿಲ್ಲ. "ಥ್ಯಾಂಕ್ಯೂ ಮೇಡಂ" ಅಂದು ಬಾಗಿಲು ಹಾಕಿಕೊಂಡರು.

ಗಾಜು ಹಾಕಿ ನಕ್ಷೆ ತಿದ್ದಿಕೊಟ್ಟರೆ ಮತ್ತೆ ಬೈಯುತ್ತಾರೇನೋ. ಆಗಲೇ ಪೆನ್ಸಿಲು ಕೈಯಲ್ಲಿದೆ. ಛೆ, ಒಂದು ಬೈಗುಳದ ಆಸೆಗೆ ಇಡೀ ಗೋಡೆಯನ್ನೇ ಬಿಟ್ಟುಕೊಡುವುದೇ?