ಆಟೋ ತೆಗೆದುಕೊಂಡು ಹೋಗುತ್ತಿದ್ದೇನೆ

ರೀ,

ಎದ್ದ ಮೇಲೆ ಅಂಗಳ ಖಾಲಿ ಇರುವುದನ್ನು ನೋಡಿ ಗಾಬರಿಯಾಗಬೇಡಿ. ನಿಮ್ಮ ಆಟೋವನ್ನು ನಾನೇ ಕೊಪ್ಪಳಕ್ಕೆ ಒಯ್ಯುತ್ತಿದ್ದೇನೆ. ಇವತ್ತು ಮತ್ತೆ ಲೈಸೆನ್ಸ್ ಟೆಸ್ಟ್ ಇದೆ. ನಿಮ್ಮ ಅಬ್ಬಾ ಜೊತೆಗಿದ್ದಾರೆ. ಸದ್ದಿಗೆ ನಿಮಗೆ ಎಚ್ಚರವಾಗಬಾರದೆಂದು ಓಣಿಯ ಕೊನೆಯವರೆಗೆ ಗಾಡಿಯನ್ನು ತಳ್ಳಿಕೊಂಡೇ ಹೋಗುತ್ತೇವೆ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ತಿಂದ ಮೇಲೆ ಗುಳಿಗೆ ನುಂಗಿ. ಪ್ಲಾಸ್ಟರ್ ಹಾಕಿದ ಕಾಲನ್ನು ನೆಲಕ್ಕೆ ಊರಬೇಡಿ. ನಳ ಬಂದರೆ ಪಕ್ಕದ ಮನೆಯ ಹಸೀನಾ ಆಪಾ ನೀರು ಹಿಡಿಯುತ್ತಾರೆ.

ನಿಮಗೆ ಬೇಕೆಂದೇ ಹೇಳಲಿಲ್ಲ. ಮೊದಲ ಟೆಸ್ಟಿನಲ್ಲಿ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಗುದ್ದಿದೆ. ಎರಡನೆಯದರಲ್ಲಿ ಏರು ಹತ್ತುವಾಗ ಗಾಡಿ ನಿಂತುಬಿಟ್ಟಿತು. ಆಮೇಲೆ ನೀವು ಆಟೋ ಸ್ಟ್ಯಾಂಡಿನಲ್ಲಿ ಎಲ್ಲರೆದುರು, "ಇದು ನಿನ್ನ ಕೈಲಿ ಆಗೂದಿಲ್ಲ, ಇನ್ನ ಹ್ಯಾಂಡಲ್ ಮುಟ್ಟಬ್ಯಾಡ" ಅಂದಿರಿ. ಆ ಮಾತು ಇನ್ನೂ ಕಿವಿಯಲ್ಲಿದೆ. ಆದರೆ ಈಗ ನಿಮ್ಮ ಮುರಿದ ಕಾಲು ಕೂಡುವ ತನಕ ಮನೆ ನಡೆಯಬೇಕಲ್ಲ?

ಬ್ಯಾಟರಿ ಇಳಿಯಬಾರದೆಂದು ಅಬ್ಬಾ ದಿನಾ ಗಾಡಿ ಹೊರಗೆ ತೆಗೆಯುತ್ತಿದ್ದುದು ನೆಪ. ಮುಚ್ಚಿದ ಅಕ್ಕಿ ಮಿಲ್ಲಿನ ಬಯಲಿನಲ್ಲಿ ನನಗೆ ಕಲಿಸುತ್ತಿದ್ದರು. ನಿನ್ನೆಯೂ ಅಲ್ಲಿನ ಏರಿನಲ್ಲಿ ಗಾಡಿ ಒಮ್ಮೆ ನಿಂತಿತು. ನಾನು ಅಳಲು ಶುರು ಮಾಡಿದೆ. ಅವರು, "ಅಳೂದು ಆಮ್ಯಾಲ, ಮೊದಲ ಗೇರ್ ಹಾಕು ಬೇಟಿ" ಅಂದರು. ಹಾಕಿದೆ, ಹತ್ತಿತು. ಅವರನ್ನು ಬೈಯಬೇಡಿ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ, ಅದೂ ಸಂಜೆಗೆ.

ಈಗ ಫೋನ್ ಮಾಡಬೇಡಿ, ನಿಮ್ಮ ದನಿ ಕೇಳಿದರೆ ಮತ್ತೆ ಗೇರ್ ತಪ್ಪಿಸಿಬಿಡುತ್ತೇನೆ. ಪಾಸಾದರೆ ನಾನೇ ಮಾಡುತ್ತೇನೆ. ಫೇಲಾದರೂ ಮಾಡುತ್ತೇನೆ, ಮುಂದಿನ ಟೆಸ್ಟ್ ಯಾವತ್ತೆಂದು ಹೇಳಲು.

ಖುಷ್ಬು