ಪೈಪಿಗೆ ಒಂದು ಕೊಡ ನೀರು

ಯೆರವಡಾ, ಪುಣೆ
೧೪ ಮೇ ೧೯೩೯

ಚಿ. ಸೌ. ರುದ್ರವ್ವಗೆ ಹೊಳಬಸಪ್ಪನ ತುಂಬು ಪ್ರೀತಿಯ ಆಶೀರ್ವಾದಗಳು.

ನಿನಗೀಗ ಎಂಟನೆಯ ತಿಂಗಳು. ಕಾಲಿನ ಬಾವು ಇಳಿಯಿತೇ? ನಿಮ್ಮವ್ವ ಕೊಟ್ಟಿದ್ದನ್ನು ತಿನ್ನುತ್ತೀಯೋ, ಮುಖ ತಿರುವುತ್ತೀಯೋ? ತವರಿಗೆ ಹೋದಮೇಲೆ ನನ್ನ ಮಾತು ಎಲ್ಲಿ ಕೇಳುತ್ತೀ ಬಿಡು. ಇಲ್ಲಿ ನಾನು ಸೌಖ್ಯ. ಅಕ್ಷರ ಸೊಟ್ಟಗಿವೆ ಎಂದು ನಗಬೇಡ, ಪೆನ್ನಿನ ಟಾಕು ಕೆಟ್ಟಿದೆ.

ಗಿರಣಿಯಲ್ಲಿ ನಮ್ಮ ಖೋಲಿಯ ಹಿಂದೆ, ಎಂಜಿನ್ ಶೆಡ್ಡಿನ ಗೋಡೆ ಬದಿಗೆ ನೆಲದಲ್ಲಿ ಹುಗಿದ ಕಬ್ಬಿಣದ ಪೈಪು ನೆನಪಿದೆಯಲ್ಲ? ಖಂಡೇಪೂಜೆಯ ದಿನ ನನ್ನ ಜೊತೆಯ ಫಿಟ್ಟರ್ ಏಕನಾಥ ಡೀಸೆಲ್ ಎಂಜಿನ್ನಿಗೆ ಹಚ್ಚಿ ಉಳಿದ ಕುಂಕುಮವನ್ನು ಅದಕ್ಕೂ ಹಚ್ಚಿದ. ಮರುದಿನದಿಂದ ನೀನು ಅದನ್ನು ದೇವರೆಂದೇ ತಿಳಿದು ದಿನಾ ಬೆಳಿಗ್ಗೆ ಒಂದು ಕೊಡ ನೀರು ಹಾಕತೊಡಗಿದೆ. ನಾನು ನಕ್ಕರೆ, “ಹಾಕಿದ್ರ ನಿಮ್ಮ ಗಂಟೇನ ಹೋಗ್ತದರಿ?” ಎಂದು ನನ್ನ ಬಾಯಿ ಮುಚ್ಚಿಸಿದೆ. ನಿಜ ಹೇಳಲೇ? ಆ ಪೈಪಿಗೆ ನೀರು ಹಾಕುವುದು ನನ್ನದೇ ಕೆಲಸ. ಎಂಜಿನ್ ತಿರುಗಿಸುವ ಜನರೇಟರಿನ ಕಬ್ಬಿಣದ ಮೈಗೆ ತಂತಿ ಕಟ್ಟಿ ಆ ಪೈಪಿಗೆ ಬಿಗಿದಿದ್ದಾರೆ. ಎಲ್ಲಾದರೂ ತಂತಿ ಸವೆದು ಕರೆಂಟು ಯಂತ್ರದ ಮೈಗೆ ಸೋರಿದರೆ ಪೈಪಿನಿಂದ ನೆಲಕ್ಕೆ ಇಳಿದುಹೋಗಬೇಕು. ಪೈಪಿನ ಸುತ್ತ ತುಂಬಿದ ಇದ್ದಿಲು, ಉಪ್ಪು, ಮಣ್ಣು ಒಣಗಿದರೆ ಕರೆಂಟು ಸರಿಯಾಗಿ ಇಳಿಯುವುದಿಲ್ಲ, ಮುಟ್ಟಿದವರನ್ನು ಹಿಡಿಯುತ್ತದೆ. ನೀನು ಹಾಕುತ್ತೀಯಲ್ಲ ಎಂದು ನಾನು ಸೋಮಾರಿಯಾದೆ. ನೀನು ಊರಿಗೆ ಹೋದಮೇಲೂ ಅದರ ಗೊಡವೆಗೆ ಹೋಗಲಿಲ್ಲ.

ಎರಡು ತಿಂಗಳ ಬಿಸಿಲಿಗೆ ಆ ನೆಲ ಬಿರುಕು ಬಿಟ್ಟಿತ್ತು. ಹೋದ ಸೋಮವಾರ ಏಕನಾಥ ಜನರೇಟರ್ ಒರೆಸಲು ಕೈಯಿಟ್ಟ, ಅಂಟಿಕೊಂಡ. ಪಕ್ಕದವರು ಸ್ವಿಚ್ಚು ಎಳೆದದ್ದರಿಂದ ಉಳಿದ. ಬೆರಳು ಸುಟ್ಟಿವೆ. ಸವೆದ ತಂತಿ ಬದಲಾಯಿಸಿದ್ದೇವೆ. “ವಹಿನಿ ಅಸತ್ಯಾ ತರ ಹೇ ಝಾಲಂ ನಸತಂ” ಎನ್ನುತ್ತಾನೆ ಅವನು. ಅತ್ತಿಗೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವಂತೆ. ನನಗೂ ಹಾಗೇ ಅನ್ನಿಸುತ್ತದೆ. ನೀನಿಲ್ಲದೆ ಈ ಖೋಲಿ ಬೇಸರ, ರುದ್ರಿ.

ಅತ್ತೆ ಮಾವಂದಿರಿಗೆ ನಮಸ್ಕಾರ. ಹೊಟ್ಟೆಯೊಳಗಿನ ಕೂಸಿಗೆ ಅಪ್ಪನ ಮುದ್ದು.

ನಿನ್ನ,
ಹೊಳಬಸಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು, ಆದರೂ ಮನಸ್ಸು ತಡೆಯಲಿಲ್ಲ. ಟಾಕು ಚೆನ್ನಾಗಿಯೇ ಇದೆ, ಬರೆದದ್ದು ಎಡಗೈ. ಅಂಟಿಕೊಂಡವನು ನಾನು, ಸ್ವಿಚ್ಚು ಎಳೆದವನು ಏಕನಾಥ. ಅಂಜಬೇಡ, ಹದಿನೈದು ದಿನದಲ್ಲಿ ಮಾಯುತ್ತದೆ ಎಂದಿದ್ದಾರೆ ಡಾಕ್ಟರು. ಕೂಸನ್ನು ಎರಡೂ ಕೈಯಿಂದ ಎತ್ತಿಕೊಳ್ಳುತ್ತೇನೆ. ಪೈಪಿಗೆ ಈಗ ದಿನಾ ನಾನೇ ಒಂದು ಕೊಡ ನೀರು ಹಾಕುತ್ತೇನೆ. ದೇವರಿಗೆ ಎಡಗೈಯಲ್ಲಿ ಹಾಕಿದೆ ಎಂದು ಬೈಯಬೇಡ.